ಒಂದೇ ಸ್ಟೀರಿಂಗು, ಬೇರೆ ಬೇರೆ ಸಂಬಳ

ತಾಲ್ಲೂಕು ಕಚೇರಿಯ ಎದುರಿನ ಯಾವ ಟೀ ಅಂಗಡಿಗೆ ಹೋದರೂ ತಿಂಗಳ ಮೊದಲ ವಾರ ಒಂದೇ ಮಾತು. ಖಜಾನೆಯವನಿಗೆ ಎಷ್ಟು, ಕಂದಾಯದವನಿಗೆ ಎಷ್ಟು, ಕೋರ್ಟಿನ ಟೈಪಿಸ್ಟಿಗೆ ಎಷ್ಟು, ನಮಗ್ಯಾಕೆ ಇಷ್ಟೇ? ಈ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದು ಹೊಟ್ಟೆಯ ಮಾತು. ಆದರೆ ಅದೇ ಅಂಗಡಿಯ ಆಚೆ, ಚರಂಡಿಯ ಕಲ್ಲಿನ ಮೇಲೆ ಪೊರಕೆ ಒರಗಿಸಿ ಟೀ ಕುಡಿಯುವ ಪುರಸಭೆಯ ಹೆಂಗಸರು ಈ ಮಾತಿನಲ್ಲಿ ಸೇರಿದ್ದನ್ನು ನಾವು ಒಂದು ದಿನವೂ ಕಂಡಿಲ್ಲ. ಸೇರಿದರೂ ಅವರು ಯಾರ ಜೊತೆ ಹೋಲಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ಮಡಿಲಲ್ಲಿಟ್ಟುಕೊಂಡೇ ಸಂಬಳದ ಜಗಳಗಳ ಚರಿತ್ರೆಯನ್ನು ತಿರುವಿ ಹಾಕೋಣ.

ದಿಲ್ಲಿಯ ಪೊಲೀಸ್ ಪಡೆಯಲ್ಲಿ ರಣಧೀರ್ ಸಿಂಗ್ ಎಂಬ ಡ್ರೈವರ್ ಕಾನ್‌ಸ್ಟೇಬಲ್ ಒಬ್ಬರಿದ್ದರು. ಅವರು ಓಡಿಸುತ್ತಿದ್ದದ್ದು ಸರ್ಕಾರದ ಗಾಡಿ. ರೈಲ್ವೆ ರಕ್ಷಣಾ ಪಡೆಯ ಡ್ರೈವರ್ ಓಡಿಸುತ್ತಿದ್ದದ್ದೂ ಸರ್ಕಾರದ ಗಾಡಿಯೇ. ಕ್ಲಚ್ಚು, ಬ್ರೇಕು, ಗೇರು ಎರಡರಲ್ಲೂ ಒಂದೇ. ಸಂಬಳ ಮಾತ್ರ ಬೇರೆ. ದಿಲ್ಲಿ ಪೊಲೀಸಿನಲ್ಲಿ ಮೆಟ್ರಿಕ್ ಆಗದ ಡ್ರೈವರಿಗೆ 210ರಿಂದ 270 ರೂಪಾಯಿಯ ಶ್ರೇಣಿ, ಮೆಟ್ರಿಕ್ ಆದವನಿಗೆ 225ರಿಂದ 308. ರೈಲ್ವೆ ರಕ್ಷಣಾ ಪಡೆಯವನಿಗೆ 260ರಿಂದ 400. ಸಚಿವಾಲಯದ ಸಾಹೇಬರ ಕಾರು ಓಡಿಸುವವನಿಗೂ 260ರಿಂದ 400. ಅಗ್ನಿಶಾಮಕ ದಳದಲ್ಲಿ, ದೀಪಸ್ತಂಭ ಇಲಾಖೆಯಲ್ಲಿ ಭಾರಿ ವಾಹನ ಓಡಿಸುವವನಿಗೆ 330ರಿಂದ 480. ಅಂದರೆ ಪೊಲೀಸ್ ಡ್ರೈವರ್ ಬೇರೆಯವರ ಮೊದಲ ಮೆಟ್ಟಿಲಿಗೆ ಬರುವ ಹೊತ್ತಿಗೆ ಅವನದೇ ಏಣಿ ಮುಗಿಯುತ್ತಾ ಬಂದಿರುತ್ತಿತ್ತು. ಒಂದೇ ಪಡೆಯೊಳಗೂ ಮೆಟ್ರಿಕ್ಕಿನ ಗೆರೆ ಬೇರೆ. ಮೆಟ್ರಿಕ್ ಪಾಸಾದವನು ತುಳಿದರೆ ಬ್ರೇಕು ಬೇಗ ಹಿಡಿಯುತ್ತದೆಯೆ, ಸ್ವಾಮಿ?

ಈ ಗೆರೆಗಳನ್ನು ಎಳೆದದ್ದು 1973ರಲ್ಲಿ ವರದಿ ಕೊಟ್ಟ ಮೂರನೆಯ ವೇತನ ಆಯೋಗ. ಡ್ರೈವರುಗಳ ವಿಚಾರವನ್ನು ಆಯೋಗ ಒಂದು ಕಡೆ ಒಟ್ಟಾಗಿ ನೋಡಿತು. ಆದರೆ ಪೊಲೀಸ್ ಡ್ರೈವರುಗಳನ್ನು ಅಲ್ಲಿ ಸೇರಿಸಲಿಲ್ಲ. ಅವರನ್ನು ಕಾನ್‌ಸ್ಟೇಬಲ್ಲುಗಳ ಪಾಲಿಗೆ ತಳ್ಳಿತು. ಕೆಲಸ ನೋಡಿ ಸಂಬಳ ಕಟ್ಟಲಿಲ್ಲ, ಮೈಮೇಲಿನ ಬಟ್ಟೆ ನೋಡಿ ಕಟ್ಟಿತು. ಊರಿನಲ್ಲಿ ಕೆಲಸಕ್ಕಿಂತ ಮೊದಲು ಕೇರಿ ಕೇಳುತ್ತಾರಲ್ಲ, ಆ ರೂಢಿ ನಮಗೆ ಹೊಸದೇನಲ್ಲ.

ರಣಧೀರ್ ಸಿಂಗ್ ಮೊದಲು ಮೇಲಿನವರಿಗೆ ಅರ್ಜಿ ಕೊಟ್ಟರು. ಅದು ತಿರಸ್ಕೃತವಾಯಿತು. ಕೊನೆಗೆ ನೇರ ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರ ಅಲ್ಲಿ ಕೊಟ್ಟ ಉತ್ತರ ಸರಳ: ಆ ಡ್ರೈವರುಗಳ ಇಲಾಖೆ ಬೇರೆ, ಇವರ ಇಲಾಖೆ ಬೇರೆ. 1982ರ ಫೆಬ್ರವರಿ 22ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಈ ಉತ್ತರವನ್ನು ಒಪ್ಪಲಿಲ್ಲ. ಮಾಡುವ ಕೆಲಸ ಅದೇ ಆಗಿದ್ದರೆ ಇಲಾಖೆ ಬೇರೆ ಎಂಬ ಒಂದೇ ಕಾರಣಕ್ಕೆ ಸಂಬಳ ಕಡಿಮೆ ಮಾಡುವಂತಿಲ್ಲ ಎಂದಿತು. ಹಾಗೆ ನೋಡಿದರೆ ಪೊಲೀಸ್ ಡ್ರೈವರಿನ ಹೊಣೆ ಇನ್ನೂ ಹೆಚ್ಚು ಎಂದೂ ಹೇಳಿತು. ಕನಿಷ್ಠ ರೈಲ್ವೆ ರಕ್ಷಣಾ ಪಡೆಯ ಡ್ರೈವರಿಗೆ ಸಮನಾದ ಶ್ರೇಣಿಯನ್ನು 1973ರ ಜನವರಿ 1ರಿಂದಲೇ ಕೊಡಬೇಕೆಂದು ಆದೇಶಿಸಿತು.

ಇದು ಸಣ್ಣ ಗೆಲುವಲ್ಲ. ಇಪ್ಪತ್ತು ವರ್ಷ ಹಿಂದೆ, 1962ರಲ್ಲಿ, ಎರಡನೆಯ ದರ್ಜೆಯ ಆದಾಯ ತೆರಿಗೆ ಅಧಿಕಾರಿಯೊಬ್ಬರು ಇದೇ ಕೋರ್ಟಿಗೆ ಬಂದು, ಮೊದಲ ದರ್ಜೆಯವರ ಕೆಲಸವನ್ನೇ ನಾವೂ ಮಾಡುತ್ತೇವೆ ಅಂದಾಗ, ಸಮಾನ ವೇತನವೆಂಬ ಅಮೂರ್ತ ತತ್ವಕ್ಕೂ ಸಂವಿಧಾನದ 14ನೆಯ ವಿಧಿಗೂ ಸಂಬಂಧವಿಲ್ಲ ಎಂದು ಕೋರ್ಟು ಕಳಿಸಿಬಿಟ್ಟಿತ್ತು. ಸಂವಿಧಾನದ 39ನೆಯ ವಿಧಿಯಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಬರೆದಿತ್ತು, ನಿಜ. ಆದರೆ ಅದು ನಿರ್ದೇಶಕ ತತ್ವ. ಗೋಡೆಗೆ ತೂಗುಹಾಕಿದ ಪಟ. 1982ರ ತೀರ್ಪು ಆ ಪಟವನ್ನು ಕೆಳಗಿಳಿಸಿ 14 ಮತ್ತು 16ನೆಯ ವಿಧಿಗಳ ಜೊತೆ ಇಟ್ಟು ಓದಿತು. ಸಂಬಳದ ಸಮಾನತೆ ಬೇಕೆಂಬ ಕೂಗು ಆಗ ಬೀದಿಯಲ್ಲೂ ಇತ್ತು. 1980ರ ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಬಿಎಚ್ಇಎಲ್‌ನವರಿಗೆ ಕೊಡುವ ಸಂಬಳ ನಮಗೂ ಕೊಡಿ ಎಂದು ಕೆಲಸ ನಿಲ್ಲಿಸಿದ್ದರು. ಮುಷ್ಕರ 77 ದಿನ ನಡೆಯಿತು.

ಇಲ್ಲಿ ಇನ್ನೂ ಹಿಂದಿನ ಒಂದು ಸಂಗತಿ ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಸಾಲದೆ ಹೋದಾಗ, ಹೆಂಗಸರು ಗಣಿಯೊಳಗೆ ಇಳಿಯಬಾರದೆಂಬ ನಿಷೇಧವನ್ನು ಸರ್ಕಾರ 1943ರಲ್ಲಿ ತೆಗೆಯಿತು. ಆಗ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದವರು ಬಾಬಾಸಾಹೇಬ ಅಂಬೇಡ್ಕರ್. 1944ರಲ್ಲಿ ಶಾಸನ ಸಭೆಯಲ್ಲಿ ಅವರು ಅದನ್ನು ಸಮರ್ಥಿಸುತ್ತಾ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ ಇಲ್ಲಿ ಸ್ಥಾಪನೆಯಾಗಿದೆ ಎಂದು ಎತ್ತಿ ತೋರಿಸಿದರು. ಬಾಬಾಸಾಹೇಬರೆಂದ ಮಾತ್ರಕ್ಕೆ ನಾವು ಕಣ್ಣುಮುಚ್ಚಿ ಓದಬಾರದು. ಸಮಾನ ವೇತನ ಸಿಕ್ಕಿತು, ಆದರೆ ಎಲ್ಲಿ? ನೆಲದ ಕೆಳಗಿನ ಕತ್ತಲಲ್ಲಿ. 1946ರಲ್ಲಿ ನಿಷೇಧ ಮತ್ತೆ ಬಂತು. ಸಂಬಳ ಸಮವಾದರೆ ಸಾಕೆ, ಕೆಲಸವೇ ಎಂಥದು ಎಂದು ಕೇಳಬೇಡವೆ, ಎಂಬ ತೊಡಕು ಈ ತತ್ವದ ಹುಟ್ಟಿನಲ್ಲೇ ಇದೆ.

ಮತ್ತೆ ರಣಧೀರ್ ಸಿಂಗರ ತೀರ್ಪಿಗೆ ಬರೋಣ. ಅದನ್ನು ಹಿಡಿದುಕೊಂಡು ಇಲಾಖೆ ಇಲಾಖೆಗಳಿಂದ ಜನ ಕೋರ್ಟಿಗೆ ಬಂದರು. 1985ರಲ್ಲಿ ನೆಹರೂ ಯುವಕ ಕೇಂದ್ರದ ಹಂಗಾಮಿ ನೌಕರರೂ 1986ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯ ದಿನಗೂಲಿಗಳೂ ಗೆದ್ದರು. ಅಲ್ಲಿಗೆ ಬಾಗಿಲು ಮೆಲ್ಲಗೆ ಮುಚ್ಚತೊಡಗಿತು. 1988ರಲ್ಲಿ ಸುಂಕ ಮತ್ತು ಅಬಕಾರಿ ಇಲಾಖೆಯ ಸ್ಟೆನೋಗ್ರಾಫರುಗಳು ಸಚಿವಾಲಯದ ಸ್ಟೆನೋಗಳಿಗೆ ಸಮನಾದ ಸಂಬಳ ಕೇಳಿದರು. ಸಿಗಲಿಲ್ಲ. ಶಾರ್ಟ್‌ಹ್ಯಾಂಡ್ ಅದೇ ಇರಬಹುದು, ಆದರೆ ನಂಬಿಕೆ ಮತ್ತು ಹೊಣೆಯಲ್ಲಿ ವ್ಯತ್ಯಾಸವಿದೆ ಎಂಬ ತರ್ಕ ಬಂತು. ಅಂದರೆ ದೊಡ್ಡವರ ಪಕ್ಕ ಕೂತು ಬರೆದರೆ ಗೀಟಿಗೂ ಬೆಲೆ ಹೆಚ್ಚು! 1988ರಲ್ಲೇ ಅಲಹಾಬಾದ್ ಹೈಕೋರ್ಟಿನ ಪೀಠ ಕಾರ್ಯದರ್ಶಿಗಳ ಮೊಕದ್ದಮೆಯಲ್ಲಿ, ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು ಯಾವ ಹುದ್ದೆ ಯಾವುದಕ್ಕೆ ಸಮ ಎಂದು ತೂಗುವುದು ವೇತನ ಆಯೋಗದಂಥ ತಜ್ಞರ ಕೆಲಸ ಎಂದು ಬರೆದರು. ರಣಧೀರ್ ಸಿಂಗರನ್ನು ತಪ್ಪು ತಕ್ಕಡಿಗೆ ಹಾಕಿದ್ದೂ ಅಂಥ ತಜ್ಞರೇ ಎಂಬುದನ್ನು ಮರೆಯಬಾರದು. ಇನ್ನೂ ಒಂದು ತಮಾಷೆ. 1993ರಲ್ಲಿ ನ್ಯಾಯಾಧೀಶರ ಸಂಬಳದ ಪ್ರಶ್ನೆ ಬಂದಾಗ, ಅವರನ್ನು ಆಡಳಿತದ ಅಧಿಕಾರಿಗಳ ಜೊತೆ ಹೋಲಿಸಲೇಬಾರದು ಎಂದು ಕೋರ್ಟು ಹೇಳಿತು. ಅವರಿಗೇ ಬೇರೆ ವೇತನ ಆಯೋಗ 1996ರಲ್ಲಿ ಬಂತು. ಅದರ ಅಧ್ಯಕ್ಷರು ಇದೇ ಜಗನ್ನಾಥ ಶೆಟ್ಟಿಯವರು. ನ್ಯಾಯಾಧೀಶರಿಗೆ ಒಳ್ಳೆಯ ಸಂಬಳ ಬೇಡವೆಂದು ನಾವು ಹೇಳುತ್ತಿಲ್ಲ. ಹೋಲಿಕೆಯನ್ನು ಯಾರು ಕೇಳಬಹುದು, ಯಾರು ಬೇಡವೆನ್ನಬಹುದು ಎಂಬುದರಲ್ಲೇ ಅಧಿಕಾರ ಇದೆ ಅಂತಷ್ಟೇ ಹೇಳುತ್ತಿದ್ದೇವೆ.

ನಮ್ಮ ರಾಜ್ಯದ ಕತೆಯೇನು? 1956ರ ನವೆಂಬರ್ 1ರಂದು ಮೈಸೂರು, ಮುಂಬೈ, ಹೈದರಾಬಾದು, ಮದರಾಸು, ಕೊಡಗು ಐದೂ ಆಡಳಿತಗಳ ನೌಕರರು ಒಂದೇ ಸೂರಿನಡಿ ಬಂದರು. ಒಂದೇ ಬೆಂಚಿನ ಮೇಲೆ ಕೂತವರು ತಮ್ಮ ತಮ್ಮ ಹಳೆಯ ಸಂಬಳದ ಶ್ರೇಣಿ, ಹಳೆಯ ಜ್ಯೇಷ್ಠತೆಯ ಪಟ್ಟಿ ಹಿಡಿದು ವರ್ಷಗಟ್ಟಲೆ ಕೋರ್ಟು ಅಲೆದರು. ಭಾಷೆ ಒಂದು ಮಾಡಿದಷ್ಟು ಸುಲಭವಾಗಿ ಸಂಬಳ ಒಂದಾಗಲಿಲ್ಲ. ಆದರೂ ಅವರೆಲ್ಲ ಪಟ್ಟಿಯಲ್ಲಿ ಹೆಸರಿದ್ದವರು. ಪಟ್ಟಿಯೇ ಇಲ್ಲದವರ ಕತೆ ಬೇರೆ.

ಲೋಕೋಪಯೋಗಿ ಇಲಾಖೆಯಲ್ಲಿ, ಮಿಕ್ಕ ಇಲಾಖೆಗಳಲ್ಲಿ ದಿನಗೂಲಿಯ ಮೇಲೆ ಹದಿನಾರು, ಇಪ್ಪತ್ತು ವರ್ಷ ಸವೆಸಿದ ಜನ ಇದ್ದರು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋದಾಗ ಲೆಕ್ಕ ಬಯಲಾಯಿತು: ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಅಂಥವರು ಸುಮಾರು 50,000 ಮಂದಿ. 1990ರ ಫೆಬ್ರವರಿಯ ತೀರ್ಪಿನಲ್ಲಿ, ಹತ್ತು ವರ್ಷ ಮುಗಿಸಿದವರಲ್ಲಿ 18,600 ಮಂದಿಯನ್ನು ಆ ವರ್ಷದ ಜನವರಿ 1ರಿಂದ ಖಾಯಂ ಮಾಡುವುದು, ಉಳಿದವರನ್ನು ಹಂತ ಹಂತವಾಗಿ, ಎಂದು ಯೋಜನೆಯಾಯಿತು. ಆ ಸಂಘದ ಹೆಸರಿನಲ್ಲಿ ಅಕ್ಷರಸ್ಥ ಎಂಬ ಮಾತಿದೆ ನೋಡಿ. ಸಂಘ ಕಟ್ಟಿ ದಿಲ್ಲಿಯವರೆಗೆ ಕಾಗದ ಕಳಿಸಲು ಅಕ್ಷರ ಬೇಕಿತ್ತು.

ಅದೇ ಕರ್ನಾಟಕದಿಂದಲೇ ಹೋದ ಇನ್ನೊಂದು ಮೊಕದ್ದಮೆ ಬಾಗಿಲಿಗೆ ಅಗಳಿ ಹಾಕಿತು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಿಂದ ದಿನಗೂಲಿ ಮಾಡುತ್ತಿದ್ದವರ ಉಮಾದೇವಿ ಮೊಕದ್ದಮೆ ಅದು. 2006ರ ಏಪ್ರಿಲ್ 10ರಂದು ಐವರ ಸಂವಿಧಾನ ಪೀಠ, ಹಿಂಬಾಗಿಲಿನಿಂದ ಬಂದವರಿಗೆ ಖಾಯಮಾತಿ ಹಕ್ಕಲ್ಲ ಎಂದಿತು. ಆ ಇಲಾಖೆಯ ದಿನಗೂಲಿಗಳಿಗೆ ಅವರ ದರ್ಜೆಯ ಕೆಳಗಿನ ಮೆಟ್ಟಿಲಿನ ಸಂಬಳವನ್ನೇನೋ ಕೊಡಿಸಿತು. ಹಿಂಬಾಗಿಲು ತೆರೆದು ಕರೆದವರು ಯಾರು, ಇಪ್ಪತ್ತು ವರ್ಷ ದುಡಿಸಿಕೊಂಡವರು ಯಾರು? 2016ರ ಅಕ್ಟೋಬರಿನಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಮೊಕದ್ದಮೆಯಲ್ಲಿ, ತಾತ್ಕಾಲಿಕ ನೌಕರನೂ ಅದೇ ಕೆಲಸ ಮಾಡಿದರೆ ಶ್ರೇಣಿಯ ಕನಿಷ್ಠ ಸಂಬಳಕ್ಕೆ ಹಕ್ಕುದಾರ ಎಂಬ ಮಾತು ಮತ್ತೆ ಬಂತು. ತೀರ್ಪು ಬಂದಷ್ಟು ಬೇಗ ಸಂಬಳ ಬರುವುದಿಲ್ಲ. ಹಳ್ಳಿ ಶಾಲೆಯ ಅತಿಥಿ ಶಿಕ್ಷಕರನ್ನು ಕೇಳಿ, ಪಕ್ಕದ ಕೋಣೆಯ ಖಾಯಂ ಮೇಷ್ಟ್ರಿಗೂ ತಮಗೂ ಇರುವ ಅಂತರವನ್ನು ಅವರೇ ಹೇಳುತ್ತಾರೆ. 2024ರ ಆಗಸ್ಟ್ 1ರಿಂದ ರಾಜ್ಯದ ಏಳನೆಯ ವೇತನ ಆಯೋಗದ ಪ್ರಕಾರ ಕನಿಷ್ಠ ಮೂಲವೇತನ 17,000ದಿಂದ 27,000 ಆಯಿತು. ಆ 27,000 ಎಂಬ ನೆಲವೂ ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ.

ಈಗ ಚರಂಡಿಯ ಕಲ್ಲಿಗೆ ಪೊರಕೆ ಒರಗಿಸಿದ ಆ ಹೆಂಗಸರ ಹತ್ತಿರ ಹೋಗೋಣ. ಡ್ರೈವರಿಗೆ ಇನ್ನೊಂದು ಇಲಾಖೆಯ ಡ್ರೈವರ್ ಇದ್ದಾನೆ. ಸ್ಟೆನೋಗೆ ಸ್ಟೆನೋ ಇದ್ದಾಳೆ. ಸಮಾನ ಕೆಲಸ ಎಂದು ಕೇಳಬೇಕಾದರೆ ಅದೇ ಕೆಲಸವನ್ನು ಹೆಚ್ಚು ಸಂಬಳಕ್ಕೆ ಮಾಡುವ ಇನ್ನೊಬ್ಬ ಬೇಕು. ಮ್ಯಾನ್‌ಹೋಲಿಗೆ ಇಳಿಯುವ ಕೆಲಸವನ್ನು ಹೆಚ್ಚು ಸಂಬಳಕ್ಕೆ ಮಾಡುವ ಇನ್ನೊಂದು ಇಲಾಖೆ ಯಾವುದು? ಇನ್ನೊಂದು ಜಾತಿ ಯಾವುದು? ಗುತ್ತಿಗೆಯ ಪೌರಕಾರ್ಮಿಕರು ಹೆಚ್ಚೆಂದರೆ ಖಾಯಂ ಪೌರಕಾರ್ಮಿಕರ ಸಂಬಳ ಕೇಳಬಹುದು. ಆ ಖಾಯಂ ಸಂಬಳವೇ ಏಣಿಯ ಬುಡದಲ್ಲಿ ಯಾಕಿದೆ ಎಂದು ಕೇಳಲು ಈ ತತ್ವದಲ್ಲಿ ಜಾಗವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1951ರಲ್ಲೇ, ಗಂಡು ಹೆಣ್ಣಿನ ಮಟ್ಟಿಗಾದರೂ, ಸಮಾನ ಮೌಲ್ಯದ ಕೆಲಸ ಎಂಬ ಮಾತು ಬಳಸಿತ್ತು. ಭಾರತ 1958ರಲ್ಲಿ ಅದಕ್ಕೆ ಒಪ್ಪಿಗೆ ಹಾಕಿತ್ತು. 1976ರಲ್ಲಿ ಸಮಾನ ಸಂಭಾವನೆ ಕಾಯಿದೆ ಮಾಡುವಾಗ ಮಾತ್ರ ಮೌಲ್ಯ ಕೈಬಿಟ್ಟು, ಅದೇ ಅಥವಾ ಅದೇ ಬಗೆಯ ಕೆಲಸ ಎಂದು ಬರೆದರು. ಮೌಲ್ಯ ಅಂದಿದ್ದರೆ ತೂಗಬೇಕಾಗುತ್ತಿತ್ತು. ಒಂದು ವಾರ ಗುಮಾಸ್ತ ಬರದಿದ್ದರೆ ಊರಿಗೆ ಏನಾಗುತ್ತದೆ, ಒಂದು ವಾರ ಪೊರಕೆ ಬರದಿದ್ದರೆ ಏನಾಗುತ್ತದೆ ಅಂತ.

ಹಾಗೆ ತೂಗಲು ಹೊರಟವರು ಇರಲಿಲ್ಲವೆಂದಲ್ಲ. ದೇವರಾಜ ಅರಸು ಮಂತ್ರಿಮಂಡಲದಲ್ಲಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರಲ್ಲಿ ಬೂಸಾ ಎಂದದ್ದಕ್ಕೆ ಅವರು ಕುರ್ಚಿ ಬಿಡಬೇಕಾಯಿತು. ಮಲ ಹೊರಿಸಿದ್ದಕ್ಕೆ ಯಾರೂ ಬಿಡಬೇಕಾಗಿರಲಿಲ್ಲ. ಐ.ಪಿ.ಡಿ. ಸಾಲಪ್ಪ ಸಮಿತಿ ಜಾಡಮಾಲಿಗಳ ಬದುಕನ್ನು ನೋಡಿ 1976ರಲ್ಲಿ ವರದಿ ಕೊಟ್ಟಿತು. ಆಮೇಲೆ ಗುತ್ತಿಗೆ ಬಂತು. ಸಾವಿನಲ್ಲಿ ಮಾತ್ರ ಸಮಾನ ದರ ನಿಗದಿಯಾಯಿತು: ಒಳಚರಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಎಂದು 2014ರಲ್ಲಿ, 30 ಲಕ್ಷ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದಕ್ಕೆ ಯಾವ ಇಲಾಖೆಯವರೂ ತಮಗೂ ಬೇಕೆಂದು ತಕರಾರು ತೆಗೆದದ್ದಿಲ್ಲ.

2022ರ ಜುಲೈ 1ರಂದು ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಬಹುಪಾಲು ಹೆಂಗಸರು, ಬಹುಪಾಲು ನಮ್ಮ ಕೇರಿಯವರು. ನಾಲ್ಕು ದಿನಕ್ಕೆ ಸರ್ಕಾರ ಮಾತಿಗೆ ಬಂತು, ಖಾಯಂ ಮಾಡುತ್ತೇವೆ ಎಂದಿತು. ಆದರೆ ಆ ಮಾತು ಗುಡಿಸುವವರ ಮಟ್ಟಿಗಿತ್ತು. ಅವರು ಗುಡಿಸಿ ರಾಶಿ ಹಾಕಿದ ಕಸವನ್ನು ಆಟೊದಲ್ಲಿ, ಲಾರಿಯಲ್ಲಿ ತುಂಬಿ ಸಾಗಿಸುವ ಸಹಾಯಕರೂ ಡ್ರೈವರುಗಳೂ ಅದರ ಹೊರಗೇ ಉಳಿದರು. ಅವರು ಗುತ್ತಿಗೆದಾರನ ಜನವಂತೆ, ಸರ್ಕಾರದ ಜನವಲ್ಲವಂತೆ. 1982ರ ತೀರ್ಪನ್ನು ಹಿಡಿದು ಅವರಲ್ಲೊಬ್ಬ ಡ್ರೈವರ್ ವಿಧಾನಸೌಧದ ಮುಂದೆ ನಿಂತಿರುವ ಸರ್ಕಾರಿ ಕಾರಿನ ಡ್ರೈವರ್ ಹತ್ತಿರ ಹೋಗಿ, ಅಣ್ಣಾ ನಿನ್ನದೂ ಸ್ಟೀರಿಂಗು ನನ್ನದೂ ಸ್ಟೀರಿಂಗು, ನಿನಗೆಷ್ಟು ಕೊಡ್ತಾರೆ ಅಂತ ಕೇಳಬೇಕು. ಆ ಕಾರಿನ ಹತ್ತಿರ ಕಸದ ಗಾಡಿ ನಿಲ್ಲಿಸಲು ಬಿಟ್ಟರೆ.