ಗಾಂಜಾ ಮತ್ತು ಕ್ರೀಡಾ ಸಾಮರ್ಥ್ಯ

ಗಾಂಜಾ ಗಿಡದ ಹೂ, ಸೊಪ್ಪು, ಅಂಟನ್ನು ಸೇದಿದರೆ ಅಥವಾ ಅರೆದು ಕುಡಿದರೆ ಮೈಗೆ ಕಸುವು ಬರುತ್ತದೆಂಬ ನಂಬಿಕೆ ಭಾರತದಲ್ಲಿ ಹಳೆಯದು. ದಣಿವು ತಿಳಿಯದಂತೆ ಮಾಡುವ ಗುಣವನ್ನೇ ಬಲ ಕೊಡುವ ಗುಣವೆಂದು ಬಹುಕಾಲ ಭಾವಿಸಲಾಗಿತ್ತು.

ಬ್ರಿಟಿಷ್ ಸರ್ಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ 1893–94ರಲ್ಲಿ ದೇಶದುದ್ದಕ್ಕೂ ಸಾಕ್ಷ್ಯ ಸಂಗ್ರಹಿಸಿತು. ಪೈಲ್ವಾನರು, ಪಲ್ಲಕ್ಕಿ ಹೊರುವವರು, ಹಮಾಲರು, ಮುಳುಗುಗಾರರು, ಅಂಚೆ ಓಟಗಾರರು ವಿಶೇಷ ಶ್ರಮದ ಹೊತ್ತಿನಲ್ಲಿ ಎಲೆಯನ್ನು ಅರೆದು ಮಾಡುವ ಭಂಗಿ, ಗಾಂಜಾ ಬಳಸುತ್ತಿದ್ದರೆಂದು ಅದರ ವರದಿ ಹೇಳುತ್ತದೆ. ಉತ್ತರ ಕರ್ನಾಟಕದ ಕೆಲವು ಶರಣ, ಅವಧೂತ ಪರಂಪರೆಗಳಲ್ಲಿ ಬಳಕೆಯ ಉದ್ದೇಶ ಬೇರೆ: ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಕ್ಷೇತ್ರದಲ್ಲಿ ಗಾಂಜಾ ಧ್ಯಾನಕ್ಕೆ, ಭಕ್ತಿಗೆ ಸೇರಿದ್ದು, ಸಾಮು ಸಾಧನೆಗಲ್ಲ.

ಗಾಂಜಾದ ಮುಖ್ಯ ಮಾದಕ ಅಂಶವಾದ ಟಿಎಚ್‌ಸಿಯನ್ನು ಇಸ್ರೇಲಿನ ರಾಫೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಬೇರ್ಪಡಿಸಿದರು. ಸೇದಿದ ಕೆಲವೇ ನಿಮಿಷಗಳಲ್ಲಿ ಅದು ಹೃದಯ ಬಡಿತವನ್ನು ಏರಿಸುತ್ತದೆ. ವ್ಯಾಯಾಮ ಶುರುವಾಗುವ ಮೊದಲೇ ಹೃದಯ ದುಡಿಯತೊಡಗುವುದರಿಂದ, ಶ್ರಮಕ್ಕೆಂದು ಉಳಿಯುವ ಅವಕಾಶ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತವು ಹೊರುವ ಆಮ್ಲಜನಕವನ್ನೂ ಕಡಿಮೆ ಮಾಡುತ್ತದೆ. ಎದೆನೋವಿನ ರೋಗಿಗಳ ಮೇಲೆ 1974ರಲ್ಲಿ ನಡೆದ ಪ್ರಯೋಗದಲ್ಲಿ, ಗಾಂಜಾ ಸೇದಿದ ಮೇಲೆ ನೋವು ಬರುವ ತನಕ ವ್ಯಾಯಾಮ ಮಾಡಬಲ್ಲ ಅವಧಿ ಶೇ. 48ರಷ್ಟು ಕುಗ್ಗಿತ್ತು. ಆರೋಗ್ಯವಂತರನ್ನು ಸೈಕಲ್ ತುಳಿಸಿದ 1986ರ ಅಧ್ಯಯನದಲ್ಲಿ ಗರಿಷ್ಠ ಶ್ರಮದ ಅವಧಿ ಸರಾಸರಿ ಸುಮಾರು 16 ನಿಮಿಷದಿಂದ 15ಕ್ಕೆ ಇಳಿಯಿತು. ಚಿಕ್ಕದಾಗಿ ಕಂಡರೂ ಸ್ಪರ್ಧೆಯಲ್ಲಿ ಈ ಅಂತರ ನಿರ್ಣಾಯಕ. ಕುಸ್ತಿಯಂಥ ಆಟಕ್ಕೆ ಇನ್ನೂ ದೊಡ್ಡ ನಷ್ಟವಿದೆ: ಎದುರಾಳಿಯ ಪಟ್ಟಿಗೆ ತಕ್ಷಣ ಪ್ರತಿಪಟ್ಟು ಹಾಕುವ ಚುರುಕು, ಸಮತೋಲ, ಸಮಯಪ್ರಜ್ಞೆ ಮಂದವಾಗುತ್ತವೆ.

ಹಳೆಯ ನಂಬಿಕೆಗೆ ಆಧಾರವೇ ಇಲ್ಲವೆನ್ನಲಾಗದು. ದೀರ್ಘ ಓಟದಿಂದ ದೇಹದಲ್ಲೇ ಹುಟ್ಟುವ, ಟಿಎಚ್‌ಸಿಯಂತೆ ವರ್ತಿಸುವ ಆನಂದಮೈಡ್ ಎಂಬ ವಸ್ತು ಹೆಚ್ಚುತ್ತದೆಂದು 2003ರಲ್ಲಿ ಕಂಡುಬಂತು. ಅಮೆರಿಕದ ಓಟಗಾರರ ಮೇಲಿನ 2023ರ ಅಧ್ಯಯನವೊಂದರಲ್ಲಿ ಗಾಂಜಾ ಬಳಸಿದವರಿಗೆ ಓಟ ಹೆಚ್ಚು ಹಿತವೆನಿಸಿತು. ಆದರೆ ಟಿಎಚ್‌ಸಿ ಪ್ರಧಾನವಾದದ್ದನ್ನು ಬಳಸಿದವರಿಗೆ ಅದೇ ಓಟ ಹೆಚ್ಚು ಶ್ರಮದ್ದೂ ಅನ್ನಿಸಿತು.

1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಕೆನಡಾದ ರಾಸ್ ರೆಬಾಗ್ಲಿಯಾಟಿಯ ಸ್ನೋಬೋರ್ಡ್ ಚಿನ್ನವನ್ನು ಗಾಂಜಾ ಕಾರಣಕ್ಕೆ ಕಿತ್ತುಕೊಂಡು, ನಿಷೇಧದ ನಿಯಮವೇ ಸ್ಪಷ್ಟವಿಲ್ಲವೆಂದು ಮರಳಿಸಲಾಯಿತು. 1999ರಲ್ಲಿ ಸ್ಥಾಪನೆಯಾದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ, ಸ್ಪರ್ಧೆಯ ಅವಧಿಯಲ್ಲಿ ಗಾಂಜಾ ಬಳಕೆಯನ್ನು ನಿಷೇಧಿಸಿತು. 2013ರಲ್ಲಿ ಮೂತ್ರದಲ್ಲಿನ ಮಿತಿಯನ್ನು ಮಿಲಿಲೀಟರಿಗೆ 15ರಿಂದ 150 ನ್ಯಾನೋಗ್ರಾಂಗೆ ಏರಿಸಿತು. 2018ರಿಂದ ಗಾಂಜಾದ ಮತ್ತೇರಿಸದ ಅಂಶವಾದ ಸಿಬಿಡಿಯನ್ನು ನಿಷೇಧಿತ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು. 2021ರಲ್ಲಿ ಅಮೆರಿಕದ ಓಟಗಾರ್ತಿ ಶಾಕ್ಯಾರಿ ರಿಚರ್ಡ್‌ಸನ್ ಗಾಂಜಾ ಕಾರಣಕ್ಕೆ ಬಂದ ಒಂದು ತಿಂಗಳ ಅಮಾನತಿನಿಂದ ಟೋಕಿಯೊ ಒಲಿಂಪಿಕ್ಸ್ ಅವಕಾಶ ಕಳೆದುಕೊಂಡರು.

ಭಾರತದ 1985ರ ಮಾದಕವಸ್ತು ಕಾಯ್ದೆ ಗಾಂಜಾವನ್ನು ಹೂವಿನ ತುದಿಯೆಂದು ವ್ಯಾಖ್ಯಾನಿಸಿ ಬರಿಯ ಎಲೆಯನ್ನು ಹೊರಗಿಟ್ಟಿದೆ. ಭಂಗಿ ಈ ಕಾಯ್ದೆಯಡಿ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. ಕ್ರೀಡಾ ಪರೀಕ್ಷೆಗೆ ಈ ಭೇದವಿಲ್ಲ. ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೂ ಕ್ರೀಡಾ ವಸತಿ ನಿಲಯದ ಮ್ಯಾಟ್ ಕುಸ್ತಿಗೂ ಹೆಸರಾದ ದಾವಣಗೆರೆಯಿಂದ ರಾಷ್ಟ್ರಮಟ್ಟಕ್ಕೆ ಹೋಗುವ ಪೈಲ್ವಾನ ಇದನ್ನು ಅರಿತಿರಲೇಬೇಕು. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ, ರೂಢಿಯಾಗಿ ಬಳಸುವವರ ಮೂತ್ರದಲ್ಲಿ ವಾರಗಳ ನಂತರವೂ ಅದರ ಕುರುಹು ಸಿಗುತ್ತದೆ.