ಸಂಪಾಜೆ ಘಾಟಿಯ ಕಿರುಕೂಟಗಳು

ಸಂಪಾಜೆಯ ಆಸುಪಾಸಿನಲ್ಲಿ ಬಯಲುಸೀಮೆಯಂತೆ ಒತ್ತೊತ್ತಾಗಿ ಕಟ್ಟಿದ ಊರುಗಳಿಲ್ಲ. ತೋಟಕ್ಕೊಂದು ಮನೆ, ನಡುವೆ ಗುಡ್ಡ, ತೋಡು, ಪಯಸ್ವಿನಿ ಹೊಳೆ. ಇಂಥ ನೆಲದಲ್ಲಿ ಕ್ರೈಸ್ತರ ಒಗ್ಗಟ್ಟು ದೂರದ ಇಗರ್ಜಿಗಿಂತ ಹೆಚ್ಚಾಗಿ ನೆರೆಯ ಹತ್ತಾರು ಮನೆಗಳ ಕೂಟದಲ್ಲೇ ಉಳಿದುಬಂತು.

ಇದರ ಹಳೆಯ ರೂಪ ಕರಾವಳಿಯ ಕೊಂಕಣಿ ಕ್ಯಾಥೋಲಿಕರ ವಾಳೆ. ಇಗರ್ಜಿಯ ವ್ಯಾಪ್ತಿಯನ್ನು ವಾಳೆಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಗುರಿಕಾರನನ್ನು ನೇಮಿಸುತ್ತಿದ್ದರು. ಸಾವು, ಕಾಯಿಲೆಯ ಸುದ್ದಿಯನ್ನು ಪಾದ್ರಿಗೆ ಮುಟ್ಟಿಸುವುದು, ಜಗಳ ಬಿಡಿಸುವುದು ಅವನ ಹೊಣೆ. 1784ರಲ್ಲಿ ಟಿಪ್ಪು ಈ ಕ್ಯಾಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ತನ್ನ ನಾಡಿನಲ್ಲಿ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಷ್ಟು ಹಿಂದಿನದು.

ಇನ್ನೊಂದು ಪರಂಪರೆ ಜರ್ಮನಿಯಿಂದ ಬಂತು. 1670ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಸ್ಪೇನರ್ ಭಕ್ತರನ್ನು ತನ್ನ ಮನೆಯಲ್ಲಿ ಸೇರಿಸಿ ಬೈಬಲ್ ಓದಿಸತೊಡಗಿದ. ಈ ಮನೆಕೂಟಗಳ ಪಂಥ ವುರ್ಟೆಂಬರ್ಗ್ ಸೀಮೆಯಲ್ಲಿ ಬೇರುಬಿಟ್ಟಿತು. 'ಮಂಗಳೂರ ಸಮಾಚಾರ' ಪತ್ರಿಕೆಯ ಸಂಪಾದಕ ಹರ್ಮನ್ ಮೊಗ್ಲಿಂಗ್ ಅದೇ ಸೀಮೆಯವನು. ಬಾಸೆಲ್ ಮಿಶನ್ನಿನ ಈತ 1853ರಲ್ಲಿ ಕೊಡಗಿಗೆ ಬಂದ. ಆ ದಶಕದ ಕೊನೆಯ ಹೊತ್ತಿಗೆ ಸಿದ್ದಾಪುರದ ಬಳಿ ಆನಂದಪುರವೆಂಬ ಕ್ರೈಸ್ತ ನೆಲೆ ತಲೆಯೆತ್ತಿತು. ಅಲ್ಲಿ ನೆಲೆಸಿದವರು ತಲೆಮಾರುಗಳಿಂದ ಒಡೆಯರ ಜಮೀನಿಗೆ ಕಟ್ಟುಬಿದ್ದಿದ್ದ ದಲಿತ ಆಳುಗಳು. ಅವರಿಗೆ ಕೂಟವೆಂದರೆ ಪ್ರಾರ್ಥನೆಯಷ್ಟೇ ಅಲ್ಲ, ಸೂರು ಮತ್ತು ಕೂಲಿಯೂ ಹೌದು. ಮಿಶನರಿಯೇ ಯಜಮಾನನೂ ಆಗಿದ್ದರಿಂದ ಹಳೆಯ ಒಡೆತನದ ನೆರಳು ಪೂರ್ತಿ ಸರಿಯಿತೆನ್ನಲಾಗದು. 1947ರ ನಂತರ ಇಲ್ಲಿನ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯ ಅಂಗಗಳಾದವು. ಮನೆ ಪ್ರಾರ್ಥನೆ, ಸ್ತ್ರೀಯರ ಅನ್ಯೋನ್ಯ ಕೂಟಗಳಲ್ಲಿ ಹಳೆಯ ರೂಢಿ ಮುಂದುವರಿಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಟಿನ್ ಅಮೆರಿಕ, ಆಫ್ರಿಕಾಗಳ ಕ್ಯಾಥೋಲಿಕರಲ್ಲಿ ಕಿರು ಸಮುದಾಯಗಳು ಬೆಳೆದವು. 1990ರಲ್ಲಿ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಬಿಷಪರು ಅದೇ ದಾರಿಯನ್ನು ಎತ್ತಿಹಿಡಿದರು. ವಾಕ್ಯ ಓದಿ, ಮೌನವಾಗಿ ಕುಳಿತು, ಮನಸ್ಸಿಗೆ ತಟ್ಟಿದ್ದನ್ನು ಹೇಳಿಕೊಳ್ಳುವ ಏಳು ಹೆಜ್ಜೆಗಳ ಕ್ರಮವನ್ನು ರೂಪಿಸಿದ್ದು ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ. ವಾಳೆಯ ರೂಢಿಯಿದ್ದ ಕರಾವಳಿಗೆ ಇದು ತೀರಾ ಹೊಸತೇನಲ್ಲ. ಬದಲಾದದ್ದೆಂದರೆ ಗುರಿಕಾರನೊಬ್ಬನ ಮಾತಿನ ಜಾಗದಲ್ಲಿ ಹೆಂಗಸರ, ಯುವಕರ ಮಾತಿಗೂ ಸರದಿ ಸಿಕ್ಕಿದ್ದು.

ಈ ನಡುವೆ ತಿರುವಾಂಕೂರಿನ ಕಡೆಯಿಂದ ವಲಸೆ ಬಂದ ಸಿರೋ-ಮಲಬಾರ್ ವಿಧಿಯ ಕ್ಯಾಥೋಲಿಕ್ ಕುಟುಂಬಗಳು ಈ ಭಾಗದ ಗುಡ್ಡಗಳಲ್ಲಿ ರಬ್ಬರ್ ಬೆಳೆದು ನೆಲೆನಿಂತಿದ್ದವು. ಅವರ ಮನೆಗೂಟದ ಹೆಸರು 'ಕೂಟಾಯ್ಮ', ಭಾಷೆ ಮಲಯಾಳಂ. 1999ರಲ್ಲಿ ಅವರಿಗಾಗಿ ಬೆಳ್ತಂಗಡಿ ಧರ್ಮಪ್ರಾಂತ್ಯ ರಚನೆಯಾಯಿತು. ಇಲ್ಲಿನ ಕ್ಯಾಥೋಲಿಕರ ಹಂಚಿಕೆಗೆ ಹಳೆಯ ಗಡಿಯೊಂದೂ ಕಾರಣ: 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಅದರ ಭಾಗವಾಗಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾಕ್ಕೆ ಸೇರಿಸಿದ ಮೇಲೆ ಸಂಪಾಜೆ ಗಡಿಯೂರಾಯಿತು. ಲ್ಯಾಟಿನ್ ವಿಧಿಯವರಲ್ಲಿ ಗಡಿಯ ಕೆಳಗಿನವರು ಮಂಗಳೂರು ಬಿಷಪರಿಗೆ, ಮೇಲಿನವರು ಮೈಸೂರು ಬಿಷಪರಿಗೆ ಸೇರಿದವರು. ಸಿರೋ-ಮಲಬಾರಿನವರು ಎರಡೂ ಕಡೆ ಬೆಳ್ತಂಗಡಿಯವರೇ.