ಬೇಗೂರಿನ ಕಲ್ಲು, ಪಟ್ಟಣದ ಲೂಟಿ

ಪುಟ್ಟೇನಹಳ್ಳಿ ಕೆರೆಯಿಂದ ಪೂರ್ವಕ್ಕೆ ಹೊರಟು ಬನ್ನೇರುಘಟ್ಟ ರಸ್ತೆಯನ್ನು ದಾಟಿದರೆ ಮೂರು ನಾಲ್ಕು ಮೈಲಿಯಲ್ಲಿ ಬೇಗೂರು. ಗಂಗರ ಕಾಲದಲ್ಲಿ ಇದರ ಹೆಸರು ಬೆಂಪೂರು. ಹನ್ನೆರಡು ಹಳ್ಳಿಗಳಿಗೆ ತಲೆಯೂರು. ಇಲ್ಲಿಯ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರು ಎಣಿಸುವ ಒಂದು ವೀರಗಲ್ಲುಂಟು. ನಾಗತ್ತರನ ಮನೆಗೆ ಸೇರಿದ ಬುಟ್ಟಣಶೆಟ್ಟಿಯು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ಅದು ತಿಳಿಸುತ್ತದೆ. ಇಂದಿನ ಮಹಾನಗರದ ಹೆಸರು ನಮಗೆ ತಿಳಿದಂತೆ ಮೊದಲು ಬರಹಕ್ಕೆ ಬಂದದ್ದು ಹೀಗೆ, ಒಂದು ಸಾವಿನ ಲೆಕ್ಕದಲ್ಲಿ.

ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗ ದೊರೆ ಎರೆಯಪ್ಪನ ಅಪ್ಪಣೆಯಂತೆ ದಂಡೆತ್ತಿ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯೊಡನೆ ಕಾದಿ ಸತ್ತನು. ಕುದುರೆಯೇರಿದವನು ಆನೆಯೇರಿದವನಿಗೆ ಇದಿರಾದ ದೃಶ್ಯ ಆ ಕಲ್ಲಿನಲ್ಲಿದೆ. ದೊರೆಯು ನಾಗತ್ತರ ಪಟ್ಟವನ್ನೂ ಬೆಂಪೂರು ಹನ್ನೆರಡನ್ನೂ ಇರುಗನೆಂಬವನಿಗೆ ಕೊಟ್ಟನು.

ಇದೇ ಊರಿನ ಮತ್ತೊಂದು ಶಾಸನದಲ್ಲಿ ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನದಿಂದ ದೇಹವನ್ನು ತೊರೆದ ಸಂಗತಿ ಇದೆ. ನಾಗತ್ತರ ಎಂಬುದು ಪದವಿಯೂ ಆಗಿದ್ದುದರಿಂದ ಮೂರು ಶಾಸನಗಳ ನಾಗತ್ತರನೂ ಒಬ್ಬನೇ ಎಂದು ಹಟ ಹಿಡಿಯಬೇಕಾಗಿಲ್ಲ. ಆದರೂ ಕಾಳಗದಲ್ಲಿ ಸತ್ತವರಿಗೂ ವ್ರತದಿಂದ ಪ್ರಾಣ ಬಿಟ್ಟವಳಿಗೂ ಒಂದೇ ಊರಿನಲ್ಲಿ ಕಲ್ಲಿನ ನೆನಪು ಉಳಿದದ್ದು ಸಣ್ಣ ವಿಷಯವಲ್ಲ. ಗೃಹಸ್ಥನ ವಿರೋಧಿ ಹಿಂಸೆಯನ್ನು ಶಾಸ್ತ್ರವು ಸಂಕಲ್ಪಿ ಹಿಂಸೆಯಿಂದ ಬೇರ್ಪಡಿಸಿ ಎಣಿಸಿದೆ. ಅದು ಅನಿವಾರ್ಯವೆಂದು ಸಹಿಸಿದ್ದೇ ಹೊರತು ಹಬ್ಬ ಮಾಡಿ ನೋಡತಕ್ಕದ್ದೆಂದಲ್ಲ.

ಈಗ ರಣಭೂಮಿಗಳೂ ಪ್ರವಾಸದ ಪಟ್ಟಿಗೆ ಸೇರಿವೆ. ಬೆಳ್ಗೊಳ, ಮೈಸೂರು ಎಂದು ಹೊರಡುವ ಯಾತ್ರಾ ಬಸ್ಸುಗಳು ಶ್ರೀರಂಗಪಟ್ಟಣದಲ್ಲಿ ಗಂಟೆ ಹೊತ್ತು ನಿಲ್ಲುವುದುಂಟು. 1799ರ ಮೇ 4ರಂದು ಆಂಗ್ಲರು ನುಗ್ಗಿದ ಕೋಟೆಯ ಒಡಕು, ಟಿಪ್ಪುವಿನ ಶವ ದೊರೆತ ಸ್ಥಳ, ಬೇಲಿಯ ಹೆಸರಿನ ಸೆರೆಮನೆ, ಇವನ್ನು ನೋಡಿ, ಪಟ ತೆಗೆಸಿಕೊಂಡು, ಎಳನೀರು ಕುಡಿದು ಜನ ಬಸ್ಸು ಹತ್ತುತ್ತಾರೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಧ್ಯಾಹ್ನದ ಶೌರ್ಯವನ್ನು ಕೇಳಿದವರಿಗೆ ಆ ರಾತ್ರಿಯ ವಿಷಯವೂ ತಿಳಿಯಬೇಕು. ಗೆದ್ದ ಸೈನಿಕರು ಊರನ್ನು ಸುಲಿದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಹಾಕಿಸಿ ಸುಲಿಗೆಯನ್ನು ತಡೆಯಬೇಕಾಯಿತು. ಲೂಟಿಯಾಗದ ಮನೆ ಇಲ್ಲವೆಂಬಷ್ಟು ವಿರಳವೆಂದೂ, ಬೆಲೆಬಾಳುವ ಒಡವೆಗಳು ದಂಡಿನ ಬಜಾರಿನಲ್ಲಿ ಮಾರಾಟಕ್ಕೆ ಬಂದುವೆಂದೂ ಆತನೇ ಬರೆದಿದ್ದಾನೆ.

ಮಾರುವವರು ಸಿಪಾಯಿಗಳು, ಕೊಳ್ಳುವವರೂ ಇದ್ದರಷ್ಟೆ. ವ್ಯಾಪಾರದ ಮನೆತನಗಳು ನಿಂತು ಯೋಚಿಸಬೇಕಾದ ಸ್ಥಳ ಇದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಉಮಾಸ್ವಾತಿ ಆಚಾರ್ಯರು, ಕಳ್ಳತನಕ್ಕೆ ಪ್ರೇರೇಪಿಸುವುದರ ಬೆನ್ನಿಗೇ ತದಾಹೃತಾದಾನವನ್ನು, ಅಂದರೆ ಕದ್ದು ತಂದುದನ್ನು ಕೊಳ್ಳುವುದನ್ನು, ಎಣಿಸಿದ್ದಾರೆ. ತಾನು ಕನ್ನ ಹಾಕಲಿಲ್ಲ, ನಗದು ಕೊಟ್ಟೆ ಎಂಬ ಸಮಾಧಾನ ಅಲ್ಲಿ ನಡೆಯದು. ಆ ಬಜಾರು ಇನ್ನೂ ಪೂರ್ತಿ ಮುಚ್ಚಿಲ್ಲ: ಟಿಪ್ಪುವಿನ ಶಯನಗೃಹದ್ದೆಂದು ಹೇಳಲಾದ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು.

ಬಸದಿಗಳ ಟ್ರಸ್ಟುಗಳು ಯಾತ್ರೆಯ ಕಾರ್ಯಕ್ರಮ ಅಚ್ಚು ಹಾಕಿಸುವಾಗ, ಮೈಸೂರು ರಸ್ತೆ ಹಿಡಿಯುವ ಮುನ್ನ ಬೇಗೂರಿಗೆ ಒಂದು ಗಂಟೆ ಇಡಬಹುದು. ಮಕ್ಕಳು ಆ ವೀರಗಲ್ಲನ್ನು ಕಾಣಲಿ, ತೊಂಡಬ್ಬೆಯ ಹೆಸರನ್ನು ಕೇಳಲಿ. ಪಟ್ಟಣದಲ್ಲಿ ಮಾರ್ಗದರ್ಶಿ ಕೋಟೆಯ ಒಡಕನ್ನು ತೋರಿಸಿ ಮುಗಿಸಿದ ಮೇಲೆ, ಆ ರಾತ್ರಿಯ ಒಡವೆಗಳ ಸಂಗತಿಯನ್ನು ಹೇಳಬಲ್ಲ ಹಿರಿಯರೊಬ್ಬರೂ ಆ ಬಸ್ಸಿನಲ್ಲಿರಲಿ.